ಹಳೆಯ ಜೀಪು, ಹೊಸ ಬಿಡಿಭಾಗ: ತಯಾರಕನ ಗುರುತು ಎಲ್ಲಿ?

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಎರಡು ತಲೆಮಾರುಗಳ ಕಾಲ ಗೊಬ್ಬರದ ಮೂಟೆಗಳನ್ನೂ ಕಾಫಿ ಚೀಲಗಳನ್ನೂ ಹೊತ್ತು ಸವೆದ ಜೀಪುಗಳಿಗೆ ಒಂದು ಕಾಲದಲ್ಲಿ ಗುಜರಿಯ ದರವೇ ಕೊನೆಯ ಬೆಲೆಯಾಗಿತ್ತು. ಇಂದು ಅದೇ ವಾಹನಗಳನ್ನು ಹುಡುಕಿಕೊಂಡು ಸಂಗ್ರಾಹಕರು ತೋಟದ ಶೆಡ್ಡುಗಳವರೆಗೆ ಬರುತ್ತಿದ್ದಾರೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಹಾಗೂ ಫೋರ್ಡ್ ಜೀಪುಗಳು, ಮಹೀಂದ್ರದ ಸಿ.ಜೆ. 3ಬಿ, ಜಬಲ್ಪುರದ ಜೋಂಗಾ ಮೊದಲಾದ ಸೇನಾ ಮಾದರಿಯ ವಾಹನಗಳ ಸಂಗ್ರಹವು ಕೆಲವೇ ಶ್ರೀಮಂತರ ಹವ್ಯಾಸವೆಂಬ ಭಾವನೆ ವ್ಯಾಪಾರಿ ವಲಯದಲ್ಲಿ ಇನ್ನೂ ಉಳಿದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಈ ಹವ್ಯಾಸದ ಬೆನ್ನಿಗೆ ಬಿಡಿಭಾಗ, ತಗಡಿನ ಕೆಲಸ, ಎರಕ, ಕ್ಯಾನ್ವಾಸ್ ಹೊಲಿಗೆ ಹಾಗೂ ಲೇತ್ ಕೆಲಸಗಳ ಒಂದು ಉದ್ಯಮವೇ ನಿಂತಿದೆ. ಅದು ಸಣ್ಣ ಕೈಗಾರಿಕೆಗೆ ತಕ್ಕ ಗಾತ್ರದ್ದೂ ಆಗಿದೆ. ಆದರೆ ಆ ಉದ್ಯಮ ಗೌರವದಿಂದ ಬೆಳೆಯಬೇಕಾದರೆ, ತಯಾರಾಗುವ ಪ್ರತಿಯೊಂದು ವಸ್ತುವಿನ ಮೇಲೂ ಅದನ್ನು ತಯಾರಿಸಿದವನ ಗುರುತು ಇರಬೇಕಾದುದು ಅನಿವಾರ್ಯ.

ಚಿಕ್ಕ ಕಂಪನಿಯ ದೊಡ್ಡ ವಿನ್ಯಾಸ

ಜೀಪಿನ ಹುಟ್ಟಿನ ಇತಿಹಾಸವೇ ಸಣ್ಣ ಉದ್ಯಮಿಗಳಿಗೆ ಒಂದು ಪಾಠ. 1940ರಲ್ಲಿ ಅಮೆರಿಕದ ಸೇನೆಯು ಕಾಲು ಟನ್ ಸಾಮರ್ಥ್ಯದ, ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಹಗುರ ವಾಹನಕ್ಕಾಗಿ 135 ಕಂಪನಿಗಳನ್ನು ಆಹ್ವಾನಿಸಿತು. ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಕಂಪನಿ ಆಗ ಆರ್ಥಿಕವಾಗಿ ಬಳಲಿದ್ದ ಚಿಕ್ಕ ಸಂಸ್ಥೆ. ಇಂಜಿನಿಯರ್ ಕಾರ್ಲ್ ಪ್ರಾಬ್ಸ್ಟ್ ಅವರ ನಕ್ಷೆಯನ್ನು ಆಧರಿಸಿ, 49 ದಿನಗಳ ಗಡುವಿನೊಳಗೆ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ಯಾಂಟಮ್ ಮೊದಲ ಮಾದರಿಯನ್ನು ಸೇನೆಗೆ ಒಪ್ಪಿಸಿತು. ಸೇನೆ ಮೆಚ್ಚಿಕೊಂಡಿತು. ಆದರೆ ಅಗತ್ಯವಿದ್ದ ಸಂಖ್ಯೆಯಲ್ಲಿ ತಯಾರಿಸುವ ಶಕ್ತಿ ಬ್ಯಾಂಟಮ್‌ಗೆ ಇಲ್ಲವೆಂದು ಭಾವಿಸಿ, ಅದರ ನಕ್ಷೆಗಳನ್ನು ವಿಲ್ಲಿಸ್ ಹಾಗೂ ಫೋರ್ಡ್ ಕಂಪನಿಗಳಿಗೂ ತೋರಿಸಿತು. ಯುದ್ಧ ಮುಗಿಯುವ ವೇಳೆಗೆ ಈ ಎರಡು ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. ಬ್ಯಾಂಟಮ್ ತಯಾರಿಸಿದ್ದು ಸುಮಾರು 2,700 ಮಾತ್ರ. ಉಳಿದ ಯುದ್ಧಕಾಲವನ್ನು ಅದು ಜೀಪಿನ ಹಿಂದೆ ಎಳೆಯುವ ಟ್ರೇಲರ್‌ಗಳ ತಯಾರಿಕೆಯಲ್ಲಿ ಕಳೆಯಿತು. 1950ರಲ್ಲಿ ‘ಜೀಪ್’ ಎಂಬ ಹೆಸರು ವಿಲ್ಲಿಸ್ ಕಂಪನಿಯ ವಾಣಿಜ್ಯ ಮುದ್ರೆಯಾಗಿ ನೋಂದಣಿಯಾಯಿತು. ವಸ್ತುವನ್ನು ರೂಪಿಸಿದವನಿಗೆ ಅದರ ಹೆಸರಿನಲ್ಲಿ ಪಾಲು ದೊರೆಯಲಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಫೋರ್ಡ್ ನಡೆದುಕೊಂಡ ರೀತಿಯನ್ನು ಗಮನಿಸಬೇಕು. ಇನ್ನೊಬ್ಬರ ವಿನ್ಯಾಸದಂತೆ ತಯಾರಿಸುತ್ತಿದ್ದರೂ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ ಸಹ, ಅದು ‘ಎಫ್’ ಅಕ್ಷರವನ್ನು ಒತ್ತಿಸಿತು. ಎಂಟು ದಶಕಗಳ ನಂತರವೂ ಸಂಗ್ರಾಹಕರು ಭೂತಗನ್ನಡಿ ಹಿಡಿದು ಹುಡುಕುವುದು ಆ ಅಕ್ಷರವನ್ನೇ. ಒಂದು ಫೋರ್ಡ್ ಜೀಪಿನ ಬೆಲೆ ನಿರ್ಧಾರವಾಗುವುದು ಅದರಲ್ಲಿ ಎಷ್ಟು ಭಾಗಗಳು ಆ ಗುರುತನ್ನು ಉಳಿಸಿಕೊಂಡಿವೆ ಎಂಬುದರ ಮೇಲೆ. ಅಂದು ತಯಾರಕನು ಹಾಕಿದ ಒಂದು ಚಿಕ್ಕ ಮುದ್ರೆ ಇಂದು ಖರೀದಿದಾರನಿಗೆ ಖಾತರಿಯ ಪತ್ರವಾಗಿದೆ.

ಭಾರತದ ರಸ್ತೆಗಳಿಗೆ ಬಂದ ಬಗೆ

1945ರಲ್ಲಿ ಆರಂಭವಾದ ಮಹೀಂದ್ರ ಸಂಸ್ಥೆಯು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಅದೇ ಪರವಾನಗಿಯಡಿ ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಮಾದರಿಯನ್ನು ದಶಕಗಳ ಕಾಲ ತಯಾರಿಸಿತು. ಅಮೆರಿಕದಲ್ಲಿ ಈ ಮಾದರಿ 1968ರಲ್ಲೇ ನಿಂತಿದ್ದರೂ ಭಾರತದಲ್ಲಿ ಮುಂದುವರಿದದ್ದರಿಂದ, ಇಲ್ಲಿನ ಮೆಕ್ಯಾನಿಕ್‌ಗಳಲ್ಲಿ ಅದರ ಬಗೆಗಿನ ಜ್ಞಾನ ಅಳಿಯದೆ ಉಳಿಯಿತು. ಇನ್ನೊಂದೆಡೆ ಜಪಾನಿನ ನಿಸ್ಸಾನ್ ಪೆಟ್ರೋಲ್ ಮಾದರಿಯನ್ನು ಆಧರಿಸಿದ ಜೋಂಗಾ ವಾಹನವು ಜಬಲ್ಪುರದ ವಾಹನ ಕಾರ್ಖಾನೆಯಲ್ಲಿ ಸೇನೆಗಾಗಿ ತಯಾರಾಗಿ, 1999ರ ವೇಳೆಗೆ ನಿಂತಿತು. 2019ರಲ್ಲಿ ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿ ಅವರು ಜೋಂಗಾ ಒಂದನ್ನು ಕೊಂಡದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಸೇನೆಯ ವಾಹನಗಳು ಮೋಟಾರು ವಾಹನ ಕಾಯ್ದೆಯ 60ನೇ ಕಲಮಿನಡಿ ರಕ್ಷಣಾ ಇಲಾಖೆಯಲ್ಲೇ ನೋಂದಣಿಯಾಗುತ್ತವೆ. ಹರಾಜಿನಲ್ಲಿ ಹೊರಬಂದ ಮೇಲಷ್ಟೇ ಅವು ಪ್ರಾದೇಶಿಕ ಸಾರಿಗೆ ಕಚೇರಿಯ ದಾಖಲೆಗೆ ಸೇರುತ್ತವೆ. ಹೀಗಾಗಿ ಒಂದು ವಾಹನದ ಸೇನಾ ಜೀವನಕ್ಕೂ ನಾಗರಿಕ ಜೀವನಕ್ಕೂ ನಡುವಿನ ಸೇತುವೆಯೆಂದರೆ ಹರಾಜಿನ ಕಾಗದಪತ್ರ. ಆ ಕಾಗದವಿಲ್ಲದ ‘ಮಿಲಿಟರಿ ಜೀಪು’ ಕೇವಲ ಮಾತಿನ ಸರಕು. ಎರಡು ಮೂರು ವಾಹನಗಳ ಭಾಗಗಳನ್ನು ಕೂಡಿಸಿ, ಒಂದರ ಆರ್.ಸಿ. ಪುಸ್ತಕವನ್ನು ಇನ್ನೊಂದಕ್ಕೆ ಹೊಂದಿಸಿ ಮಾರುವ ದಂಧೆ ಈ ವ್ಯಾಪಾರಕ್ಕೆ ಅಂಟಿದ ಕಳಂಕ. ಪ್ರಾಮಾಣಿಕ ವರ್ತಕನೂ ಇದರಿಂದಾಗಿ ಅನುಮಾನದ ದೃಷ್ಟಿಗೆ ಗುರಿಯಾಗುತ್ತಾನೆ.

ನಿಯಮಗಳ ಚೌಕಟ್ಟು

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಪಾರಂಪರಿಕ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಅವಕಾಶ ಕಲ್ಪಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದಿರುವ ವಾಹನಗಳಿಗೆ ‘ವಿ.ಎ.’ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ಹಾಗೂ 10 ವರ್ಷಗಳ ಅವಧಿಯನ್ನು ಈ ತಿದ್ದುಪಡಿ ಗೊತ್ತುಪಡಿಸಿತು. ಇಂತಹ ವಾಹನವನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದ ಉದ್ದೇಶಗಳಿಗೆ ರಸ್ತೆಗಿಳಿಸಬಹುದೇ ಹೊರತು ವಾಣಿಜ್ಯ ಬಳಕೆಗೆ ಅವಕಾಶವಿಲ್ಲ.

ಇಲ್ಲಿಯೇ ಸಣ್ಣ ಕೈಗಾರಿಕೆಗೆ ಸಂಬಂಧಿಸಿದ ಮುಖ್ಯ ಪ್ರಶ್ನೆಯೊಂದು ಏಳುತ್ತದೆ. ಚಾಸಿ, ಬಾಡಿ ಹಾಗೂ ಇಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ನಿಯಮದ ಷರತ್ತು. ಮಲೆನಾಡಿನ ಮಳೆಗೆ ತುಕ್ಕು ಹಿಡಿದು ತೂತಾದ ನೆಲದ ತಗಡನ್ನು ಅದೇ ಅಳತೆಯ ಹೊಸ ತಗಡಿನಿಂದ ಬದಲಿಸಿದರೆ ಅದು ದುರಸ್ತಿಯೋ ಮಾರ್ಪಾಡೋ? ನ್ಯಾಯವಾಗಿ ಅದನ್ನು ದುರಸ್ತಿಯೆಂದೇ ಪರಿಗಣಿಸಬೇಕು. ಮೂಲದ ಅಳತೆ, ದಪ್ಪ, ಆಕಾರಗಳನ್ನು ಉಳಿಸಿಕೊಂಡ ಬದಲಿ ಭಾಗಗಳ ಬಗ್ಗೆ ಸಾರಿಗೆ ಇಲಾಖೆಯಿಂದ ಲಿಖಿತ ಸ್ಪಷ್ಟನೆಯನ್ನು ಕೋರುವುದು ವಾಣಿಜ್ಯ ಸಂಘಗಳು ಕೂಡಲೇ ಕೈಗೊಳ್ಳಬೇಕಾದ ಕಾರ್ಯ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡುಗಳು ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ತೀರ್ಪಿತ್ತಿರುವುದರಿಂದ, ಈ ವಿಷಯವನ್ನು ಅಸ್ಪಷ್ಟವಾಗಿ ಬಿಡುವುದು ವರ್ತಕರಿಗೂ ಗ್ರಾಹಕರಿಗೂ ಕ್ಷೇಮವಲ್ಲ.

ಬಣ್ಣದ ವಿಷಯದಲ್ಲೂ ಎಚ್ಚರ ಅಗತ್ಯ. ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವ ವಾಹನಕ್ಕೂ ಸೇನೆಯ ಆಲಿವ್ ಹಸಿರು ಬಣ್ಣ ಬಳಿಯಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಹೇಳುತ್ತದೆ. ಗ್ರಾಹಕ ಕೇಳಿದನೆಂದು ಬಣ್ಣ ಬಳಿದುಕೊಡುವ ವರ್ಕ್‌ಶಾಪ್ ಮಾಲೀಕರು ಮುಂದಿನ ತೊಂದರೆಯನ್ನು ಮೊದಲೇ ತಿಳಿಸಿ ಹೇಳುವುದು ಅವರ ವೃತ್ತಿಧರ್ಮ.

ಪದಕದ ಅಂಚಿನಲ್ಲಿರುವ ಹೆಸರು

ವಾಹನಗಳ ಜೊತೆಗೆ ಪದಕ, ಬ್ಯಾಡ್ಜು, ದಿಕ್ಸೂಚಿ, ನೀರಿನ ಬಾಟಲಿ, ಜೆರ್ರಿಕ್ಯಾನ್ ಮುಂತಾದ ಸ್ಮಾರಕ ವಸ್ತುಗಳ ವ್ಯಾಪಾರವೂ ಬೆಳೆದಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂಥ ಸೇನಾನಿಗಳನ್ನು ಕೊಟ್ಟ ಕೊಡಗಿನ ಮನೆಗಳಲ್ಲಿ ಇಂತಹ ವಸ್ತುಗಳು ಇಂದಿಗೂ ಪೆಟ್ಟಿಗೆಗಳಲ್ಲಿವೆ. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕದ ಅಂಚಿನಲ್ಲಿ ಅದನ್ನು ಪಡೆದ ಸೈನಿಕನ ಹೆಸರು ಹಾಗೂ ದಳವನ್ನು ಕೆತ್ತಲಾಗುತ್ತಿತ್ತು. ಬೆಳ್ಳಿಯ ತೂಕಕ್ಕೆ ಮಾರಿ ಕರಗಿಸಿದವರಿಗೆ ದೊರೆತದ್ದು ಲೋಹದ ಬೆಲೆ ಮಾತ್ರ. ಹೆಸರುಳ್ಳ ಪದಕವನ್ನು ಕಾಗದಪತ್ರಗಳ ಸಮೇತ ಉಳಿಸಿಕೊಂಡವರ ಬಳಿ ಇರುವುದು ಒಂದು ಕುಟುಂಬದ ಇತಿಹಾಸ. ಅಲ್ಲದೆ ಆ ಯುದ್ಧದ ವಸ್ತುಗಳು 100 ವರ್ಷ ದಾಟಿರುವುದರಿಂದ 1972ರ ಪುರಾತನ ವಸ್ತು ಹಾಗೂ ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುವ ಸಾಧ್ಯತೆಯನ್ನು ವರ್ತಕರು ಮರೆಯುವಂತಿಲ್ಲ. ಆ ಕಾಯ್ದೆಯಡಿ ಇಂತಹ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ಮಾರುಕಟ್ಟೆ ಚಿಕ್ಕದೆಂಬ ಆಕ್ಷೇಪ

ಕೆಲವೇ ನೂರು ಸಂಗ್ರಾಹಕರಿಗಾಗಿ ಡೈ ಮಾಡಿಸಿ ಹಣ ಹೂಡುವುದು ಜಾಣತನವಲ್ಲವೆಂಬ ಆಕ್ಷೇಪವಿದೆ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮಾರುಕಟ್ಟೆ ಚಿಕ್ಕದಾಗಿರುವುದರಿಂದಲೇ ದೊಡ್ಡ ಕಾರ್ಖಾನೆಗಳು ಇತ್ತ ತಲೆಹಾಕುವುದಿಲ್ಲ. ಐವತ್ತು, ನೂರರ ಲೆಕ್ಕದಲ್ಲಿ ತಯಾರಿಸಿ ಲಾಭ ಕಾಣಬಲ್ಲವರು ಸಣ್ಣ ಘಟಕಗಳೇ. ಇದಲ್ಲದೆ ಗ್ರಾಹಕರು ಸಂಗ್ರಾಹಕರಷ್ಟೇ ಅಲ್ಲ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಿಗೂ ಬಿಡಿಭಾಗಗಳು ನಿರಂತರವಾಗಿ ಬೇಕು. ಯುದ್ಧಕಾಲದ ವಿಲ್ಲಿಸ್ ಇಂಜಿನಿನ 134 ಘನ ಅಂಗುಲದ ಗಾತ್ರವೇ ಸಿ.ಜೆ. 3ಬಿ ಮಾದರಿಯ ಪೆಟ್ರೋಲ್ ಇಂಜಿನ್ನಿಗೂ ಮುಂದುವರಿದಿತ್ತು. ಎರಡೂ ವಾಹನಗಳ ಚಕ್ರಾಂತರ 80 ಅಂಗುಲ. ಒಂದೇ ವಂಶದ ವಾಹನಗಳಾದ್ದರಿಂದ ಒಂದಕ್ಕಾಗಿ ಕಲಿತ ಕೆಲಸ ಇನ್ನೊಂದಕ್ಕೂ ಒದಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲೆ ಶೇ. 18ರ ಏಕರೂಪದ ಜಿ.ಎಸ್.ಟಿ. ಜಾರಿಗೆ ಬಂದದ್ದರಿಂದ ಬಿಲ್ಲಿಲ್ಲದ ವ್ಯವಹಾರಕ್ಕೆ ಇದ್ದ ನೆಪಗಳೂ ಕಡಿಮೆಯಾಗಿವೆ.

ಹೊರದೇಶಗಳ ಉದಾಹರಣೆಗಳೂ ಉತ್ತೇಜನ ನೀಡುವಂತಿವೆ. ಫ್ರಾನ್ಸಿನ ಹಾಚ್ಕಿಸ್ ಕಂಪನಿಯು ಪರವಾನಗಿ ಪಡೆದು 1950 ಮತ್ತು 60ರ ದಶಕಗಳಲ್ಲಿ ತಯಾರಿಸಿದ ಜೀಪುಗಳ ಬಿಡಿಭಾಗಗಳು ಯುರೋಪಿನ ಸಂಗ್ರಾಹಕರಿಗೆ ದೀರ್ಘಕಾಲ ಆಸರೆಯಾದವು. ಯುದ್ಧಾನಂತರ ಉಳಿದ ಜೀಪುಗಳನ್ನು ‘ಜೀಪ್ನಿ’ ಎಂಬ ಪ್ರಯಾಣಿಕ ವಾಹನಗಳನ್ನಾಗಿ ಪರಿವರ್ತಿಸಿದ ಫಿಲಿಪೀನ್ಸ್ ದೇಶದಲ್ಲಿ ತಗಡಿನ ಕೆಲಸದ ಕೌಶಲ ಬೆಳೆಯಿತು; ಅಲ್ಲಿನ ಎಂ.ಡಿ. ಜುವಾನ್ ಸಂಸ್ಥೆಯು ವಿಲ್ಲಿಸ್ ಮಾದರಿಯ ಬಾಡಿಗಳನ್ನು ತನ್ನದೇ ಹೆಸರಿನಲ್ಲಿ ತಯಾರಿಸಿ ಅಮೆರಿಕದ ಗ್ರಾಹಕರಿಗೂ ಮಾರುತ್ತ ಬಂದಿದೆ. ಬೆಳಗಾವಿ ಹಾಗೂ ಶಿವಮೊಗ್ಗದ ಎರಕದ ಘಟಕಗಳಿಗೆ, ಪೀಣ್ಯದ ಪ್ರೆಸ್ ಹಾಗೂ ಲೇತ್ ಘಟಕಗಳಿಗೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗ ವರ್ತಕರಿಗೆ ಇದು ಎಟುಕದ ಕೆಲಸವೇನಲ್ಲ.

ಅನುಕರಣೆಗೆ ಒಂದು ಎಲ್ಲೆಯಿದೆ ಎಂಬುದನ್ನೂ ನೆನಪಿಡಬೇಕು. ಹಳೆಯ ಪರವಾನಗಿಯ ಹಿನ್ನೆಲೆಯಿದ್ದ ಮಹೀಂದ್ರ ಸಂಸ್ಥೆಯೇ 2018ರಲ್ಲಿ ರಾಕ್ಸರ್ ಎಂಬ ವಾಹನವನ್ನು ಅಮೆರಿಕದ ಮಾರುಕಟ್ಟೆಗೆ ಬಿಟ್ಟಾಗ ಜೀಪಿನ ಹೊರರೂಪದ ಹಕ್ಕಿನ ವ್ಯಾಜ್ಯ ಎದುರಾಯಿತು. 2020ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ರಾಕ್ಸರ್ ವಿರುದ್ಧ ನಿರ್ಣಯಿಸಿತು. ಸಂಸ್ಥೆ ವಿನ್ಯಾಸವನ್ನು ಬದಲಿಸಬೇಕಾಯಿತು. ಇನ್ನು ಬೇರೆಯವರ ಹೆಸರು, ಲಾಂಛನಗಳನ್ನು ಒತ್ತಿ ಮಾರುವ ಸಣ್ಣ ತಯಾರಕನ ಗತಿಯನ್ನು ಹೇಳಬೇಕಾಗಿಲ್ಲ.

ಆಗಬೇಕಾದ ಕೆಲಸ

ಮೊದಲನೆಯದಾಗಿ, ಹಳೆಯ ವಾಹನಗಳಿಗೆಂದು ತಯಾರಾಗುವ ಪ್ರತಿಯೊಂದು ಭಾಗದ ಮೇಲೂ, ಜೋಡಿಸಿದ ನಂತರ ಕಾಣದ ಕಡೆಯಲ್ಲಾದರೂ ಸರಿ, ತಯಾರಕನ ಗುರುತು ಹಾಗೂ ವರ್ಷವನ್ನು ಒತ್ತಬೇಕು. ಎರಡನೆಯದಾಗಿ, ಬಿಲ್ಲಿನಲ್ಲಿ ‘ಮೂಲ ಮಾದರಿಯಂತೆ ಹೊಸದಾಗಿ ತಯಾರಿಸಿದ್ದು’ ಎಂದು ನಮೂದಿಸಬೇಕು. ಮೂರನೆಯದಾಗಿ, ಚಾಸಿ ಸಂಖ್ಯೆಯ ಪಟ್ಟಿಗಳನ್ನು ಮಾಡಿಕೊಡುವ ಬೇಡಿಕೆಯನ್ನು ಎಷ್ಟೇ ಹಣ ಕೊಟ್ಟರೂ ನಿರಾಕರಿಸಬೇಕು. ನಾಲ್ಕನೆಯದಾಗಿ, ಇಂತಹ ಕೆಲಸ ಬಲ್ಲ ಘಟಕಗಳ ಪಟ್ಟಿಯನ್ನು ವಾಣಿಜ್ಯ ಸಂಘಗಳು ಸಿದ್ಧಪಡಿಸಿ ಪ್ರಕಟಿಸಬೇಕು. ಈ ವಾಹನಗಳನ್ನು ಕಣ್ಣಳತೆಯಲ್ಲೇ ದುರಸ್ತಿ ಮಾಡಬಲ್ಲ ಹಿರಿಯ ಮೇಸ್ತ್ರಿಗಳ ಸಂಖ್ಯೆ ಇಳಿಯುತ್ತಿದೆ. ಅವರಿರುವಾಗಲೇ ಅಳತೆಗಳನ್ನು ನಕ್ಷೆಗಿಳಿಸುವುದು ಇವೆಲ್ಲಕ್ಕಿಂತ ತುರ್ತಿನದು.

ಗುರುತು ಹಾಕಿದರೆ ‘ಒರಿಜಿನಲ್’ ಎಂದು ಹೆಚ್ಚಿನ ಬೆಲೆಗೆ ಮಾರಲಾಗದೆಂಬ ಅಂಜಿಕೆ ಕೆಲವರಲ್ಲಿದೆ. ಆ ಹೆಚ್ಚಿನ ಬೆಲೆ ಒಮ್ಮೆ ಮಾತ್ರ ದೊರೆಯುವಂಥದ್ದು. ಮೋಸ ತಿಳಿದ ಗ್ರಾಹಕ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತಲಾರ. ಒಳ್ಳೆಯ ತಗಡು, ಸರಿಯಾದ ಅಳತೆ, ಕೆಳಗೊಂದು ಊರಿನ ಹೆಸರು ಇರುವ ಬದಲಿ ಭಾಗವನ್ನು ಕೊಂಡವನು ಎರಡನೆಯ ಬಾರಿ ಆ ಊರನ್ನೇ ವಿಚಾರಿಸಿಕೊಂಡು ಬರುತ್ತಾನೆ. ರಾಜ್ಯದ ಸಣ್ಣ ಕೈಗಾರಿಕೆಗಳು ಈ ಮಾರ್ಗವನ್ನು ಈಗಲೇ ಹಿಡಿಯುವುದು ಲೇಸು.