ಇರುವೆ ಮಾತಾಡಿದರೆ ನಮಗೇಕೆ ಭಯ?

ಕೊಟ್ಟಾರ ಚೌಕಿಯಲ್ಲಿ ಬೆಳಿಗ್ಗೆ ಶಾಲಾ ವ್ಯಾನಿಗೆ ಕಾಯುವ ಪುಟ್ಟ ಮಕ್ಕಳ ಬೆನ್ನ ಚೀಲದಲ್ಲಿ ಏನಿರುತ್ತದೆ? ಪಠ್ಯಪುಸ್ತಕ, ಕಾಪಿ ಪುಸ್ತಕ, ಡೈರಿ, ಬುತ್ತಿ. ಕತೆಪುಸ್ತಕ ಇರುವುದು ಅಪರೂಪ. ಇದ್ದರೂ ಅದರ ಕೊನೆಗೆ ‘ನೀತಿ’ ಎಂಬ ಬಾಲ ಅಂಟಿಸಿರುತ್ತಾರೆ. ಮದುವೆಯ ಊಟಕ್ಕೆ ಸಾಲ ಮಾಡಲು ಹಿಂಜರಿಯದ ನಾವು ಪುಸ್ತಕದಂಗಡಿಯಲ್ಲಿ ಮಾತ್ರ ಲೆಕ್ಕ ಹಾಕುತ್ತೇವೆ: ‘ಇದರಿಂದ ಮಗುವಿಗೆ ಏನು ಪ್ರಯೋಜನ?’

ಪ್ರಶ್ನೆಯೇ ತಪ್ಪು. ಆರೇಳು ವರ್ಷದ ಮಗು ಉಪದೇಶ ಪಡೆಯಲು ಓದುವುದಿಲ್ಲ. ಮುಂದೇನಾಯಿತು ಎಂದು ತಿಳಿಯುವ ಹಟದಿಂದ ಓದುತ್ತದೆ. ಗೊತ್ತಿಲ್ಲದ ಶಬ್ದವನ್ನು ದಾಟಿಸುವುದು ಆ ಹಟವೇ. ನಮ್ಮ ಮಕ್ಕಳ ಮಟ್ಟಿಗಂತೂ ಇದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಮದ್ರಸದಲ್ಲಿ ಅರಬಿ ಅಕ್ಷರ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ. ಕನ್ನಡದ ಮೊದಲ ಪುಸ್ತಕವೇ ರುಚಿಸದಿದ್ದರೆ ಆ ಮಗುವಿಗೆ ಕನ್ನಡ ಪರೀಕ್ಷೆಯ ಭಾಷೆಯಾಗಿಯೇ ಉಳಿಯುತ್ತದೆ. ಆಮೇಲೆ ‘ನಮ್ಮವರಲ್ಲಿ ಓದುಗರಿಲ್ಲ’ ಎಂದು ವೇದಿಕೆ ಹತ್ತಿ ಮರುಗಿ ಫಲವೇನು?

ಕೆಲವು ಹಿರಿಯರದು ಇನ್ನೊಂದು ತಕರಾರು. ಮಾತಾಡುವ ಪ್ರಾಣಿ, ಹಾರುವ ಚಾಪೆ ಎಲ್ಲವೂ ಸುಳ್ಳಂತೆ. ಕುರ್‌ಆನಿನ ‘ಅನ್ನಮ್ಲ್’ ಅಧ್ಯಾಯವನ್ನು ಅವರು ನೆನಪಿಸಿಕೊಳ್ಳಲಿ. ಸೈನ್ಯ ಬರುವುದನ್ನು ಕಂಡ ಇರುವೆಯೊಂದು ಅಲ್ಲಿ ತನ್ನ ಬಳಗವನ್ನು ಎಚ್ಚರಿಸುತ್ತದೆ. ಅದರ ಮಾತು ಕೇಳಿ ಪ್ರವಾದಿ ಸುಲೈಮಾನ್(ಅ) ಮುಗುಳ್ನಗುತ್ತಾರೆ. ಅದು ದೇವವಾಣಿ, ಇದು ಕಟ್ಟುಕತೆ ಎನ್ನಬಹುದು. ಒಪ್ಪೋಣ. ಆದರೆ ಇರುವೆಯ ಮಾತಿಗೆ ಕಿವಿಗೊಡುವ ಮನಸ್ಸು ಮಗುವಿನಲ್ಲಿ ಮೊದಲು ಬೆಳೆಯಬೇಡವೇ? ಪಂಚತಂತ್ರದ ನರಿಗಳನ್ನು ಎಂಟನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ‘ಕಲೀಲ ವ ದಿಮ್ನ’ವಾಗಿ ಅರಬಿಗೆ ತಂದರು. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಮಾತಾಡುವ ನರಿಗೆ ಹೆದರುವುದು ಈ ಎರಡು ಪರಂಪರೆಗಳಲ್ಲಿ ಯಾವುದರಿಂದಲೂ ಬಂದದ್ದಲ್ಲ.

ನಮ್ಮ ಜಿಲ್ಲೆಯಲ್ಲೇ ಮೇಲ್ಪಂಕ್ತಿ ಇದೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲೆಗಳ ತಪಾಸಣೆ ಮಾಡುತ್ತಿದ್ದ ಅಧಿಕಾರಿ. ಅಂಥವರು ಮಕ್ಕಳ ಜೊತೆ ಕುಳಿತು ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂದು ಕತೆ ಹೇಳಿದರು. ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುವ ಕತೆ ಅದು. ಕರಾವಳಿಯ ಮಗುವಿಗೆ ಸಿಗಡಿ ಗೊತ್ತು, ಅದನ್ನು ಒಣಗಿಸುವುದೂ ಗೊತ್ತು. ಗೊತ್ತಿರುವುದರಿಂದಲೇ ಅಚ್ಚರಿ ಹುಟ್ಟಿಸುವುದು ಒಳ್ಳೆಯ ಮಕ್ಕಳ ಪುಸ್ತಕದ ಗುಣ.

2021ರಲ್ಲಿ ಆರಂಭವಾದ ‘ನಿಪುಣ್ ಭಾರತ್’ ಯೋಜನೆಯ ಪ್ರಕಾರ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಶಬ್ದಗಳನ್ನು ಅರ್ಥ ಮಾಡಿಕೊಂಡು ಓದಬೇಕು. ಓದಲಿ. ಆದರೆ ಯಾವ 60 ಶಬ್ದ? ಓಡುವ ವೇಗ ಅಳೆಯುವವರು ಮಗುವಿಗೆ ಓಡಲು ಬಯಲು ಕೊಡಬೇಕಲ್ಲವೇ? 2009ರ ಶಿಕ್ಷಣ ಹಕ್ಕು ಕಾಯ್ದೆಯಂತೂ ಪ್ರತಿ ಶಾಲೆಯಲ್ಲಿ ಕತೆಪುಸ್ತಕಗಳೂ ಇರುವ ಗ್ರಂಥಾಲಯ ಇರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಜಿಲ್ಲಾ ಪಂಚಾಯತ್ ಕಚೇರಿ ಕೊಟ್ಟಾರದಲ್ಲೇ ಇದೆ. ಹೋಗಿ ಕೇಳಲು ಇಲ್ಲಿನ ತಂದೆತಾಯಿಯರು ಬಸ್ಸು ಹತ್ತಬೇಕಾಗಿಲ್ಲ.

ಆಯ್ಕೆ ಕಷ್ಟವೂ ಅಲ್ಲ. ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ವಾಕ್ಯ ಅಜ್ಜಿಯ ಬಾಯಲ್ಲಿ ಬರುವಂತಿದೆಯೇ? ಬರಹ ಹೇಳದ್ದನ್ನು ಚಿತ್ರ ಹೇಳುತ್ತದೆಯೇ? ಮುಗಿದಾಗ ಮಗು ‘ಇನ್ನೊಮ್ಮೆ’ ಎನ್ನುತ್ತದೆಯೇ? ಅಷ್ಟು ಸಾಕು. ಹಣದ ನೆಪವೂ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕತೆಗಳು ಉಚಿತವಾಗಿಯೇ ಸಿಗುತ್ತವೆ.

ಮಗುವಿನ ಕೈಗೆ ಕತೆ ಕೊಡೋಣ. ನೀತಿಯನ್ನು ಅದು ನಮ್ಮ ನಡತೆಯಲ್ಲಿ ಓದಿಕೊಳ್ಳುತ್ತದೆ, ಅಲ್ಲಿ ಅದು ಇದ್ದರೆ.