ಬಂದೂಕಿನ ಲೈಸನ್ಸು, ಮನಸ್ಸಿನ ಗುಟ್ಟು



ನಮ್ಮ ಬ್ಯಾಡಗಿ ಸೀಮೆಯಲ್ಲಿ ಬಂದೂಕೂ ಕುಡುಗೋಲಿನ ಹಾಗೆ ಒಂದು ಕಾಯಕದ ಸಾಮಾನು. ಗೋವಿನಜೋಳ ತೆನೆ ಕಟ್ಟಿತೆಂದರೆ ರಾತ್ರಿ ಕಾಡುಹಂದಿ ಇಳಿಯುತ್ತವೆ. ರಾಣೆಬೆನ್ನೂರಿನ ಕಡೆ ಕೃಷ್ಣಮೃಗದ ಕಾಟ ಬೇರೆ. ಅದಕ್ಕೆ ಗುರಿ ಇಡುವಂತಿಲ್ಲ, ಸಪ್ಪಳ ಮಾಡಿ ಓಡಿಸಬೇಕು, ಅಷ್ಟೆ. ಬೆಳೆ ರಕ್ಷಣೆಗೆಂದು ಲೈಸನ್ಸ್ ಪಡೆದ ರೈತರಲ್ಲಿ ನಾನೂ ಒಬ್ಬ.

ಪಕ್ಕದ ಹೊಲದ ರೈತರೊಬ್ಬರು ಮೆಣಸಿನಕಾಯಿ ದರ ಬಿದ್ದ ಮೇಲೆ ನಿದ್ದೆ ಕಳೆದುಕೊಂಡರು, ಮಾತು ಬಿಟ್ಟರು. ಮನಸ್ಸಿನ ಡಾಕ್ಟರಿಗೆ ತೋರಿಸೋಣ ಬನ್ನಿ ಎಂದೆ. "ಬ್ಯಾಡ್ರಿ ಸರ. ಮುಂದಿನ ವರ್ಷ ಲೈಸನ್ಸ್ ರಿನಿವಲ್ ಐತಿ. ಆಸ್ಪತ್ರಿ ಚೀಟಿ ಕಂಪ್ಯೂಟರಿನಾಗ ಸೇರಿದ್ರ ಬಂದೂಕು ಹೋಗತೈತಿ. ಅದು ಹೋದ್ರ ಹೋಗ್ಲಿ, ಊರಾಗ ಹುಚ್ಚ ಅಂತಾರ" ಎಂದರು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ತಪಾಸಣೆ ಬೇಡವೆಂದು ನಾನು ಹೇಳುವುದಿಲ್ಲ. ರೈತರ ಆತ್ಮಹತ್ಯೆಯ ನೋವು ಕಂಡ ಹಾವೇರಿ ಜಿಲ್ಲೆಯವನು ಹಾಗೆ ಹೇಳಲಾರ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬುದ್ಧಿ ಸ್ವಾಧೀನದಲ್ಲಿಲ್ಲದವರಿಗೆ ಲೈಸನ್ಸ್ ಇಲ್ಲ. 2016ರ ನಿಯಮಗಳು ಪೊಲೀಸ್ ವರದಿಯ ಜೊತೆಗೆ ದೇಹ, ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರವನ್ನೂ ಕೇಳುತ್ತವೆ. ಕೇಳಲಿ. ಹಿಂದೆ ಈ ಕಾಗದ ಜಿಲ್ಲಾ ಕಚೇರಿಯ ಒಂದು ಕಪಾಟಿನಲ್ಲಿ ಇರುತ್ತಿತ್ತು. ಈಗ ಲೈಸನ್ಸುದಾರರ ವಿವರಕ್ಕೆ ರಾಷ್ಟ್ರೀಯ ದತ್ತಾಂಶ ಕೋಶವೇ ಇದೆ, ಪ್ರತಿಯೊಬ್ಬನಿಗೂ ಒಂದು ವಿಶಿಷ್ಟ ಸಂಖ್ಯೆ ಇದೆ. ನನ್ನ ವಿವರವನ್ನು ಯಾರು ಯಾವಾಗ ತೆರೆದು ನೋಡಿದರೆಂದು ನನಗೆ ಯಾರೂ ತಿಳಿಸಿಲ್ಲ.

ಕೋಶದ ಮಾತು ದೂರದ್ದಾಯಿತು. ಹತ್ತಿರದ್ದನ್ನೇ ಹೇಳುತ್ತೇನೆ. ನನ್ನ ನವೀಕರಣದ ಅರ್ಜಿ ಹಾಕಿಸಲು ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಮರುದಿನ ಮರೆತ ಕನ್ನಡಕ ತರಲು ಹೋದರೆ ನನ್ನ ವೈದ್ಯ ಪ್ರಮಾಣಪತ್ರದ ಝೆರಾಕ್ಸ್ ಟೇಬಲ್ ಮೇಲೆಯೇ ಬಿದ್ದಿತ್ತು. ಅದರ ಹಿಂಬದಿಯಲ್ಲಿ ಯಾರೋ ಲೆಕ್ಕ ಗೀಚಿದ್ದರು!

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರೇ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟು ಕಾಯಬೇಕೆಂದಿತು. ಆದರೆ 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ, ತಾನು ಬಯಸಿದ ಸರ್ಕಾರಿ ಸಂಸ್ಥೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೇ ಬಿಟ್ಟಿದೆ. 2025ರ ಜಾತಿ ಸಮೀಕ್ಷೆ ಬಂದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂದು ನಾವು ಊರೂರಲ್ಲಿ ಚರ್ಚಿಸಿದೆವು. ಮಾಹಿತಿ ಕೊಡುವುದು ಐಚ್ಛಿಕ, ಕೊಟ್ಟದ್ದು ಗುಪ್ತವಾಗಿರಬೇಕು ಎಂದು ಹೈಕೋರ್ಟ್ ಹೇಳಿದ್ದನ್ನು ಎಷ್ಟು ಜನ ಗಮನಿಸಿದೆವು?

ನನ್ನ ಬೇಡಿಕೆ ದೊಡ್ಡದಲ್ಲ. ವೈದ್ಯರು ಯೋಗ್ಯ ಅಥವಾ ಅಯೋಗ್ಯ ಎಂದಷ್ಟೇ ಬರೆದು ನೇರವಾಗಿ ಜಿಲ್ಲಾಧಿಕಾರಿ ಕಚೇರಿಗೆ ಕಳಿಸಲಿ. ಚಿಕಿತ್ಸೆಯ ಚರಿತ್ರೆ ಅಂಗಡಿಯ ಟೇಬಲ್ ಹತ್ತುವುದು ಬೇಡ. ಲೈಸನ್ಸ್ ಮರಳಿಸಿದವನ ವಿವರ ಎಷ್ಟು ವರ್ಷ ಇರುತ್ತದೆಂದು ಲಿಖಿತವಾಗಿ ತಿಳಿಸಲಿ. ಮನಸ್ಸು ಸರಿಯಿಲ್ಲದ ದಿನಗಳಲ್ಲಿ ರೈತ ತಾನಾಗಿಯೇ ಬಂದೂಕನ್ನು ಠಾಣೆಯಲ್ಲಿ ಇಡಲು ಬಂದರೆ, ಅದನ್ನೇ ಅವನ ಮೇಲೆ ಕಲೆಯಾಗಿ ಬರೆದಿಡದಿರಲಿ.

ಮತ್ತು ಹುಚ್ಚ ಎಂಬ ಆ ಮಾತು. ಅದನ್ನು ಸರ್ಕಾರ ಹೇಳಿದ್ದಲ್ಲ, ಊರು ಹೇಳುವುದು. ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಇದನ್ನು ಎತ್ತಬೇಕೆಂದಿದ್ದೇನೆ.

ನೆರೆಯವರು ಕೊನೆಗೂ ಚಿಕಿತ್ಸೆಗೆ ಒಪ್ಪಿದ್ದಾರೆ. ತಾಲ್ಲೂಕು ಆಸ್ಪತ್ರೆಗಲ್ಲ, ಪರಿಚಯದವರು ಸಿಗುತ್ತಾರೆಂದು. ಬಸ್ ಚಾರ್ಜು ಕೊಟ್ಟು ದಾವಣಗೆರೆಗೆ ಹೋಗುತ್ತಾರೆ. ಮನೆಯಲ್ಲಿ ಗೊಬ್ಬರ ತರಲು ಹೋಗುತ್ತೇನೆಂದು ಹೇಳಿರುತ್ತಾರೆ.