ಎಂಜಿನ್ ಕೆಟ್ಟಾಗ ಕೇಳಬೇಕಾದ ಮೊದಲ ಪ್ರಶ್ನೆ: ಏನು ಬದಲಾಯ್ತು?

ತೂಬಗೆರೆಯಲ್ಲಿ ಬೆಳೆದವರಿಗೆ ವಿಮಾನ ಹೊಸದಲ್ಲ. ಒಂದು ಕಡೆ ದೇವನಹಳ್ಳಿಯ ಏರ್‌ಪೋರ್ಟ್, ಇನ್ನೊಂದು ಕಡೆ ಯಲಹಂಕದ ವಾಯುನೆಲೆ. ಘಾಟಿ ದನಗಳ ಜಾತ್ರೆಯಲ್ಲಿ ನಿಂತರೂ ತಲೆ ಮೇಲೆ ಸದ್ದು ಇದ್ದದ್ದೇ. ಆದರೆ ವಿಮಾನದ ಎಂಜಿನ್ನನ್ನು ನಾನು ಹತ್ತಿರದಿಂದ ನೋಡಿದ್ದು ಮಾತ್ರ ಇತ್ತೀಚೆಗೆ, ಅದೂ ನನ್ನ ಹಳೇ ಬೈಕಿನ ದೆಸೆಯಿಂದ.

ಬೈಕ್ ಬೆಳಿಗ್ಗೆ ಸ್ಟಾರ್ಟ್ ಆಗ್ತಿರಲಿಲ್ಲ. ಮೈಲೇಜ್ ಬಿದ್ದುಹೋಗಿತ್ತು. ಪ್ಲಗ್ ಬದಲಾಯಿಸಿದ್ದಾಯ್ತು, ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿಸಿದ್ದಾಯ್ತು. ಮೈಕ್ರೋಲೈಟ್ ವಿಮಾನಗಳ ಎಂಜಿನ್ ನೋಡಿಕೊಳ್ಳುವ ಗೆಳೆಯನೊಬ್ಬನ ಬಳಿ ಇದನ್ನೆಲ್ಲ ಹೇಳಿಕೊಂಡು ಗೊಣಗಿದೆ. ಅವನು ಕೇಳಿದ್ದು ಒಂದೇ ಮಾತು: "ಪಾರ್ಟ್ ಆಮೇಲೆ ಬದಲಾಯಿಸುವಂತೆ ಬಿಡು. ಚೆನ್ನಾಗಿ ಓಡ್ತಿದ್ದಾಗಿಂದ ಇವತ್ತಿನವರೆಗೆ ಏನು ಬದಲಾಯ್ತು, ಅದನ್ನ ಹೇಳು."

ಆ ಪ್ರಶ್ನೆ ನನ್ನನ್ನು ಬೈಕಿನಿಂದ ವಿಮಾನಕ್ಕೆ, ಅಲ್ಲಿಂದ ದೆಹಲಿಯವರೆಗೆ ಕರೆದುಕೊಂಡು ಹೋಯ್ತು.

ಮೈಕ್ರೋಲೈಟ್ ಅಂದರೆ ಇಬ್ಬರು ಕೂರುವ ಪುಟ್ಟ ವಿಮಾನ. ಜನ ಹತ್ತಿ, ಇಂಧನ ತುಂಬಿಸಿದರೂ ತೂಕ ಸುಮಾರು 450 ಕೆ.ಜಿ. ಜಕ್ಕೂರಿನಲ್ಲಿ ಜಾಲಿ ರೈಡ್‌ಗೆ ಹಾರುವುದು ಇಂಥವೇ. ಈ ಜಾತಿಯ ವಿಮಾನಗಳಲ್ಲಿ ಬಹಳಷ್ಟಕ್ಕೆ ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿಯ ಎಂಜಿನ್ ಇರುತ್ತದೆ. ನಮ್ಮ ಬೆಂಗಳೂರಿನ ಎನ್‌ಎಎಲ್ ರೂಪಿಸಿ, 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿಸಿದ ತರಬೇತಿ ವಿಮಾನ ಹಂಸ-ಎನ್‌ಜಿ ಕೂಡ ಹಾರುವುದು ರೋಟ್ಯಾಕ್ಸ್‌ನಿಂದಲೇ.

ಇಂಥ ಎಂಜಿನ್ ಹತ್ತದಿದ್ದರೆ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಎತ್ತುವುದಿಲ್ಲ, ಮೀಟರ್ ಎತ್ತುತ್ತಾನೆ. ರೋಟ್ಯಾಕ್ಸ್ 912 ಎಂಜಿನ್ ನಿಮಿಷಕ್ಕೆ ಸುಮಾರು 220 ಸುತ್ತು ತಿರುಗದೆ ಪ್ಲಗ್‌ನಲ್ಲಿ ಕಿಡಿ ಬರುವುದಿಲ್ಲ. ಬ್ಯಾಟರಿ ಸೋತಿದ್ದರೆ ಸ್ಟಾರ್ಟರ್ ತಿರುಗುತ್ತದೆ, ಪ್ರೊಪೆಲರ್ ಕೂಡ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಗೊತ್ತಿಲ್ಲದವನು ಇಗ್ನಿಷನ್ ಸುಟ್ಟುಹೋಗಿದೆ ಅಂತ ದುಬಾರಿ ಪಾರ್ಟ್ ತರಿಸುತ್ತಾನೆ. ಗೊತ್ತಿರುವವನು ಬ್ಯಾಟರಿಯ ವೋಲ್ಟೇಜ್ ನೋಡಿ, ಅರ್ಥಿಂಗ್ ವೈರ್‌ನ ತುಕ್ಕು ಉಜ್ಜುತ್ತಾನೆ. ಬೋರ್‌ವೆಲ್‌ನ ಸ್ಟಾರ್ಟರ್ ಬಾಕ್ಸ್ ರಿಪೇರಿ ಮಾಡುವ ನಮ್ಮೂರ ಹುಡುಗರಿಗೂ ಇದು ಗೊತ್ತು. ಮೋಟಾರ್ ಮೇಲೆತ್ತೋದು ಕೊನೆಗೆ, ಕನೆಕ್ಷನ್ ನೋಡೋದು ಮೊದಲು.

ಇಗ್ನಿಷನ್ ವೈರಿಂಗ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ವಿಚ್ ಆಫ್ ಮಾಡಿದಾಗ ಇಗ್ನಿಷನ್‌ನ ವೈರ್ ಬಾಡಿಗೆ ಅರ್ಥ್ ಆಗಿ ಕಿಡಿ ನಿಲ್ಲುತ್ತದೆ. ಆ ವೈರ್‌ನ ಹೊದಿಕೆ ಎಲ್ಲಾದರೂ ತಿಕ್ಕಿ ಸವೆದು ಲೋಹಕ್ಕೆ ತಾಗಿದರೆ, ಹಾರುವಾಗಲೇ ಆ ಸರ್ಕ್ಯೂಟ್ ಸತ್ತುಹೋಗಬಹುದು. ಅದೇ ವೈರ್ ತುಂಡಾದರೆ ಸ್ವಿಚ್ ಆಫ್ ಆಗಿದ್ದರೂ ಕಿಡಿ ಜೀವಂತವಾಗಿರುತ್ತದೆ. ಆಗ ಪ್ರೊಪೆಲರ್‌ಗೆ ಕೈ ಹಾಕಿದವನ ಗತಿ ಹೇಳುವುದೇ ಬೇಡ. ಅದಕ್ಕೇ 912ರಲ್ಲಿ ಎರಡು ಸ್ವತಂತ್ರ ಇಗ್ನಿಷನ್ ಸರ್ಕ್ಯೂಟ್‌ಗಳಿವೆ. ನೆಲ ಬಿಡುವ ಮೊದಲು, 4000 ಸುತ್ತಿನಲ್ಲಿ ಒಂದೊಂದನ್ನೇ ಆಫ್ ಮಾಡಿ ನೋಡುತ್ತಾರೆ. 300 ಸುತ್ತಿಗಿಂತ ಹೆಚ್ಚು ಇಳಿದರೆ ಆ ದಿನ ಹಾರಾಟ ಇಲ್ಲ.

ವಿದ್ಯುತ್ ಸರಿಯಿದ್ದರೆ ಮುಂದಿನ ಸರದಿ ಇಂಧನದ್ದು. ಗೆಳೆಯ ನನ್ನ ಬೈಕಿನ ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲ್ ತೆಗೆದ. ಗೆರೆ ಇರುವ ಗಾಜಿನ ಕೊಳವೆಗೆ 10 ಮಿ.ಲೀ ನೀರು ಹಾಕಿ, ಮೇಲೆ 100 ಮಿ.ಲೀ ಪೆಟ್ರೋಲ್ ಸುರಿದು, ಮುಚ್ಚಿ ಕುಲುಕಿದ. ಸ್ವಲ್ಪ ಹೊತ್ತಿಗೆ ಎರಡೂ ಬೇರೆಯಾದವು. ಆದರೆ ತಳದ ನೀರು 10ರ ಗೆರೆಯಲ್ಲಿ ನಿಂತಿರಲಿಲ್ಲ, ಮೇಲಕ್ಕೆ ಏರಿತ್ತು. "ನೀರು ಜಾಸ್ತಿ ಆಗಿಲ್ಲ. ಪೆಟ್ರೋಲ್‌ನಲ್ಲಿದ್ದ ಎಥೆನಾಲ್ ನೀರಿಗೆ ಬಂದು ಸೇರ್ಕೊಂಡಿದೆ. ನಿನ್ನ ಬೈಕ್‌ನಲ್ಲಿ ಏನೂ ಬದಲಾಗಿಲ್ಲ ಕಣೋ. ನೀನು ಹಾಕಿಸ್ತಿರೋದು ಬದಲಾಗಿದೆ" ಅಂದ.

ಈ ಬದಲಾವಣೆಗೆ ದಿನಾಂಕ ಇದೆ, ಜಾಗವೂ ಇದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿ 6ರಂದು, ನೆಲಮಂಗಲಕ್ಕೆ ಹೋಗುವ ದಾರಿಯ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ. ಮೊದಲಿಗೆ 84 ಬಂಕ್‌ಗಳು. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು ಹಿಂದಕ್ಕೆ ಎಳೆದು, 2025ರಲ್ಲೇ ಮುಟ್ಟಿದೆವು ಅಂತ ಸರ್ಕಾರ ಘೋಷಿಸಿತು. ಈಗ ಸಾಮಾನ್ಯ ಪೆಟ್ರೋಲ್ ಅಂದರೆ ಬಹುತೇಕ ಇ20ಯೇ.

ಎಂಜಿನ್‌ಗೆ ಇದರಿಂದ ಏನಾಗುತ್ತದೆ? ಒಂದು ಲೀಟರ್ ಎಥೆನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಒಂದು ಕೆ.ಜಿ ಶುದ್ಧ ಪೆಟ್ರೋಲ್ ಉರಿಯಲು 14.7 ಕೆ.ಜಿ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಕಂಪ್ಯೂಟರ್ ಇರುವ ಹೊಸ ಎಂಜಿನ್ ಇದನ್ನು ತಾನೇ ಸರಿಮಾಡಿಕೊಳ್ಳಬಹುದು. ಹಳೇ ಕಾರ್ಬ್ಯುರೇಟರ್‌ನ ಜೆಟ್‌ಗೆ ಆ ಬುದ್ಧಿ ಇಲ್ಲ. ಅದು ಮೊದಲಿನಷ್ಟೇ ಇಂಧನ ಬಿಡುತ್ತದೆ. ಮಿಶ್ರಣದಲ್ಲಿ ಇಂಧನಕ್ಕಿಂತ ಗಾಳಿ ಹೆಚ್ಚಾಗಿ ಎಂಜಿನ್ ಬಿಸಿಯಾಗುತ್ತದೆ. ಇಂಧನದ ಜೊತೆಗೇ ಆಯಿಲ್ ಪಡೆಯುವ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಜಾಮ್ ಆಗುವ ಭಯ ಇನ್ನೂ ಜಾಸ್ತಿ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಕಾರ್ಬ್ಯುರೇಟರ್‌ಗೆ ಹೋಗುವ ಕೊಳವೆ ಇರುವುದೂ ತಳದಲ್ಲೇ. ಎಥೆನಾಲ್‌ಗೆ ಅಂತ ಮಾಡಿರದ ಹಳೇ ರಬ್ಬರ್ ಪೈಪ್, ಸೀಲ್‌ಗಳು ಉಬ್ಬಿ ಬಿರುಕು ಬಿಡುತ್ತವೆ.

ಬೈಕ್ ಕೈ ಕೊಟ್ಟರೆ ರಸ್ತೆ ಬದಿಗೆ ತಳ್ಳಿಕೊಂಡು ಹೋಗಬಹುದು. ಸಾವಿರ ಅಡಿ ಮೇಲೆ ಎಲ್ಲಿಗೆ ತಳ್ಳೋದು? ಅದಕ್ಕೇ ರೋಟ್ಯಾಕ್ಸ್ ತನ್ನ 912 ಎಂಜಿನ್‌ಗೆ ಗೆರೆ ಎಳೆದಿದೆ: ಪೆಟ್ರೋಲ್‌ನಲ್ಲಿ ಎಥೆನಾಲ್ ಶೇ 10ರವರೆಗೆ ಮಾತ್ರ. ವಿಮಾನಕ್ಕೆಂದೇ ಇರುವ ಎವ್‌ಗ್ಯಾಸ್ ಹಾಕಬಹುದು. 2022ರಿಂದ ಅದನ್ನು ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿಸುತ್ತಿದೆ. ಆದರೆ ಅದರಲ್ಲಿ ಸೀಸ ಇದೆ. ಈ ಎಂಜಿನ್‌ಗಳಲ್ಲಿ ಸೀಸ ಕಟ್ಟಿಕೊಳ್ಳುವುದರಿಂದ ಆಯಿಲ್ ಬೇಗಬೇಗ ಬದಲಾಯಿಸಬೇಕು. ಅಂತೂ ಹಾರುವವರಿಗೆ ದಾರಿಗಳಿವೆ: ಎಂಜಿನ್‌ನ ಪುಸ್ತಕ ಓದುವುದು, ಪ್ರತಿ ಕ್ಯಾನಿನ ಇಂಧನ ಪರೀಕ್ಷಿಸುವುದು, ಸರಿಯಿಲ್ಲ ಅಂದರೆ ಬೇಡ ಅನ್ನುವುದು.

ಬೇಡ ಅನ್ನುವ ಆ ಹಕ್ಕು ತೂಬಗೆರೆಯ ಬೈಕ್ ಸವಾರನಿಗೆ ಇದೆಯಾ? ನನ್ನ ತಕರಾರು ಇರುವುದು ಇಲ್ಲಿ.

ತೊಂದರೆ ಆಗಬಹುದು ಅಂತ ಸರ್ಕಾರಕ್ಕೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. 2021ರ ನೀತಿ ಆಯೋಗದ ವರದಿಯೇ ಲೆಕ್ಕ ಹಾಕಿತ್ತು: ಎಥೆನಾಲ್ ಇಲ್ಲದ ಪೆಟ್ರೋಲ್‌ಗೆ ರೂಪಿಸಿ, ಇ10ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 6-7, ಬೈಕ್‌ಗಳಲ್ಲಿ ಶೇ 3-4 ಇಳಿಯಬಹುದು. ಹಳೇ ವಾಹನಗಳಿಗಾಗಿ ಇ10 ಸಿಗುತ್ತಿರಬೇಕು ಎಂಬ ಮಾತೂ ಅದರಲ್ಲಿತ್ತು. ಎಥೆನಾಲ್ ಇಲ್ಲದ ಪೆಟ್ರೋಲ್‌ನ ಆಯ್ಕೆಯೂ ಇರಲಿ ಅಂತ ಕೋರಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು.

"ಹಾಗಾದ್ರೆ ನೀವು ರೈತ ವಿರೋಧಿನಾ?" ಅಂತ ಕೇಳುವವರಿದ್ದಾರೆ. ನಮ್ಮ ಕಡೆ ಹೊಲದಲ್ಲಿರೋದೇ ರಾಗಿ, ಮುಸುಕಿನ ಜೋಳ. ಎಥೆನಾಲ್‌ನಿಂದ ಜೋಳಕ್ಕೆ ಬೆಲೆ ಬಂದರೆ ಬೇಡ ಅನ್ನಲು ನನಗೇನು ಹುಚ್ಚೇ? ಆದರೆ 2025ರ ನವೆಂಬರ್‌ನಲ್ಲಿ ಏನಾಯ್ತು ನೆನಪಿಸಿಕೊಳ್ಳಿ. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ರಾಜ್ಯದ ಮಾರುಕಟ್ಟೆಗಳಲ್ಲಿ ಮುಸುಕಿನ ಜೋಳದ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗೆ ಇಳಿದಿದ್ದರು. ಇ20ಯ ಗುರಿ ಮುಟ್ಟಿದ್ದೂ ಅದೇ ವರ್ಷ. ರೈತನ ಹೆಸರು ಹೇಳುವುದು ಬೇರೆ, ಅವನ ಕೈಗೆ ದುಡ್ಡು ತಲುಪಿಸುವುದು ಬೇರೆ.

ಎಥೆನಾಲ್ ಶತ್ರು ಅಲ್ಲ ಅನ್ನುವುದಕ್ಕೆ ಬ್ರೆಜಿಲ್ ಸಾಕ್ಷಿ. ಬೆಳೆಗೆ ಔಷಧಿ ಸಿಂಪಡಿಸುವ ಅಲ್ಲಿನ ಇಪಾನೆಮಾ ವಿಮಾನ ಪೂರ್ತಿ ಎಥೆನಾಲ್‌ನಲ್ಲೇ ಹಾರುತ್ತದೆ. ಆದರೆ ಅದಕ್ಕೆ ತಕ್ಕಂತೆ ಎಂಜಿನ್ ಬದಲಾಯಿಸಿ, ಪರೀಕ್ಷಿಸಿ, 2004ರಲ್ಲಿ ಪ್ರಮಾಣಪತ್ರ ಪಡೆದ ಮೇಲೆ ಹಾರಿಸಿದರು. 2003ರಿಂದ ಅಲ್ಲಿ ಯಾವ ಪ್ರಮಾಣದ ಮಿಶ್ರಣಕ್ಕೂ ಹೊಂದಿಕೊಳ್ಳುವ ಕಾರುಗಳು ಬಂದವು. ಎಥೆನಾಲ್ ಬೇಕೋ, ಮಿಶ್ರ ಪೆಟ್ರೋಲ್ ಬೇಕೋ ಅಂತ ಬಂಕ್‌ನಲ್ಲಿ ತೀರ್ಮಾನ ಮಾಡುವವನು ಗಾಡಿಯ ಮಾಲೀಕ. ನಾವು ಮೊದಲು ಇಂಧನ ಬದಲಾಯಿಸಿದೆವು. ಹೊಂದಿಕೊಳ್ಳುವ ಕಷ್ಟವನ್ನು, ಖರ್ಚನ್ನು ಹಳೇ ಗಾಡಿ ಇರುವವರ ತಲೆಗೆ ಕಟ್ಟಿದೆವು. ಹಳೇ ಗಾಡಿ ಇಟ್ಟುಕೊಂಡಿರುವವರು ಯಾರು? ಹೊಸದು ಕೊಳ್ಳಲು ಆಗದವರು.

ಹಾಗಾಗಿ ಕೇಳಬೇಕಾದ್ದು ಎಥೆನಾಲ್ ನಿಲ್ಲಿಸಿ ಅಂತಲ್ಲ. ಪ್ರತಿ ಬಂಕ್‌ನಲ್ಲಿ ಬೆಲೆಯ ಪಕ್ಕದಲ್ಲೇ ಎಥೆನಾಲ್ ಎಷ್ಟು ಶೇಕಡಾ ಅಂತ ಕನ್ನಡದಲ್ಲಿ ಬರೆಯಿರಿ. ತಾಲ್ಲೂಕಿಗೆ ಒಂದು ಬಂಕ್‌ನಲ್ಲಾದರೂ ಇ10 ಸಿಗಲಿ. ಅದೂ ನೂರು ಆಕ್ಟೇನ್‌ನ ದುಬಾರಿ ದರದಲ್ಲಿ ಅಲ್ಲ, ಸಾಮಾನ್ಯ ಪೆಟ್ರೋಲ್‌ನ ದರದಲ್ಲಿ.

ನನ್ನ ಬೈಕ್‌ಗೆ ಗೆಳೆಯ ಪೈಪ್, ಸೀಲ್ ಬದಲಾಯಿಸಿ, ಜೆಟ್ ಒಂದು ಸೈಜ್ ದೊಡ್ಡದು ಹಾಕಿಕೊಟ್ಟ. ಈಗ ಬೆಳಿಗ್ಗೆ ಹತ್ತುತ್ತದೆ, ಮೈಲೇಜ್ ಮಾತ್ರ ಹಿಂದಿನಷ್ಟಿಲ್ಲ. ಖರ್ಚು ನನ್ನದೇ. ನಿಮ್ಮ ಗಾಡಿ ಬೆಳಿಗ್ಗೆ ಹಟ ಮಾಡಿದರೆ ಮೆಕ್ಯಾನಿಕ್‌ನ ಬೈಯುವ ಮೊದಲು ನೀವೂ ಅದೇ ಪ್ರಶ್ನೆ ಕೇಳಿ: ಏನು ಬದಲಾಯ್ತು? ಆಮೇಲೆ ಅದರ ಮುಂದಿನದನ್ನೂ ಕೇಳಿ: ನಮ್ಮನ್ನ ಕೇಳದೆ ಬದಲಾಯಿಸಿದ್ದು ಯಾರು?